ಜರ್ಮನಿಯಲ್ಲಿ ಒಂದು ಸೆಮಿಸ್ಟರ್: ಮೊದಲು ರೂಮು ನೋಡಿ
ಚಳಿಗಾಲದ ಸೆಮಿಸ್ಟರ್‌ಗೆ ಜರ್ಮನಿಗೆ ಹೊರಟವರೇ, ವಿಮಾನದ ಟಿಕೆಟ್ ಆಮೇಲೆ, ಮೊದಲು ರೂಮು. ಅಲ್ಲಿ ಪಾಠ ಶುರುವಾಗುವುದು ಅಕ್ಟೋಬರ್‌ನಲ್ಲಿ. ಆದರೆ ಪ್ರವೇಶ ಪತ್ರ ಬಂದ ದಿನವೇ ಸ್ಟೂಡೆಂಟನ್‌ವೆರ್ಕ್ (ವಿದ್ಯಾರ್ಥಿಗಳ ವಸತಿ, ಊಟ ನೋಡಿಕೊಳ್ಳುವ ಸಂಸ್ಥೆ) ಹಾಸ್ಟೆಲ್‌ಗೆ ಅರ್ಜಿ ಹಾಕಿ. ಮ್ಯೂನಿಕ್‌ನಂಥ ಊರಲ್ಲಿ ಸರದಿ ತುಂಬಾ ಉದ್ದ. ಹೊರಗೆ ಖಾಸಗಿ ರೂಮು ಹಿಡಿಯುವುದಾದರೆ ಕಣ್ಣಾರೆ ನೋಡದೆ ಅಡ್ವಾನ್ಸ್ ಕಳಿಸಬೇಡಿ, ಮೋಸ ಜಾಸ್ತಿ.

ಮನೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಕೊಟ್ಟವರು ಸಹಿ ಹಾಕಿದ ದೃಢೀಕರಣ ಪತ್ರ ಬೇಕೇ ಬೇಕು. ಸುಮ್ನೆ ಬಾಡಿಗೆ ಕರಾರು ತೋರಿಸಿದರೆ ಸಾಲದು. ಆ ಪತ್ರ ಕೊಡುವುದಿಲ್ಲ ಅನ್ನುವವರ ಮನೆ, ಬಾಡಿಗೆ ಎಷ್ಟೇ ಕಡಿಮೆ ಇದ್ದರೂ, ಬೇಡವೇ ಬೇಡ.

ಹಾಂ, ಭಾನುವಾರ ಇಳಿಯಬೇಡಿ. ಅಂಗಡಿಗಳು ಹೆಚ್ಚುಕಡಿಮೆ ಎಲ್ಲಾ ಮುಚ್ಚಿರುತ್ತವೆ. ಅವತ್ತೇ ಇಳಿಯಬೇಕಾದರೆ ಚೀಲದಲ್ಲಿ ಒಂದಿಷ್ಟು ಅವಲಕ್ಕಿ ಇರಲಿ.