ಫೋನಿನಲ್ಲಿ ಕೌನ್ಸೆಲಿಂಗ್: ಮೊದಲು ಮಾತಾಡಲು ಒಂದು ಜಾಗ ಬೇಕು

ಆನ್‌ಲೈನ್ ಕೌನ್ಸೆಲಿಂಗ್ ಶುರು ಮಾಡಬೇಕು, ಯಾವ ಆ್ಯಪ್ ಒಳ್ಳೆಯದು ಅಂತ ಈ ಕೆಲಸಕ್ಕೆ ಹೊಸದಾಗಿ ಬಂದವರು ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಜೊತೆ ಮಾತಾಡುವವರು ಎಲ್ಲಿ ಕೂತು ಮಾತಾಡುತ್ತಾರೆ? ಆ್ಯಪ್ ಆಮೇಲೆ ನೋಡೋಣ.

ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ಶಿವಮೊಗ್ಗದಲ್ಲಿದ್ದು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹಳ್ಳಿಗಳ ಜನರ ಜೊತೆ ಕೆಲಸ ಮಾಡುತ್ತೇನೆ. 2020ರ ಲಾಕ್‌ಡೌನ್‌ಗೆ ಮುಂಚೆ ನನಗೆ ಫೋನ್ ಇದ್ದದ್ದು ಅಪಾಯಿಂಟ್‌ಮೆಂಟ್ ಕೊಡುವುದಕ್ಕೆ ಮಾತ್ರ. ಆ ಮಾರ್ಚ್ 25ಕ್ಕೆ ವೈದ್ಯರಿಗಾಗಿ ಟೆಲಿಮೆಡಿಸಿನ್ ಮಾರ್ಗಸೂಚಿ ಬಂತು. ಮಾತಿನ ಚಿಕಿತ್ಸೆಯನ್ನು ಫೋನಿನಲ್ಲಿ ಹೇಗೆ ಕೊಡಬೇಕು ಅಂತ ನಿಮ್ಹಾನ್ಸ್ ಅದೇ ವರ್ಷ ಬೇರೆ ಮಾರ್ಗಸೂಚಿ ತಂದಿತು. ಎರಡನ್ನೂ ಓದಿಕೊಂಡು ಶುರು ಮಾಡಿದೆ. ಬಸ್ ಓಡಲು ಶುರುವಾದ ಮೇಲೂ ತುಂಬಾ ಜನ ಫೋನನ್ನೇ ಇಟ್ಟುಕೊಂಡರು. ಹೊಸನಗರದ ಒಳಹಳ್ಳಿಯಿಂದ ಶಿವಮೊಗ್ಗಕ್ಕೆ ಬಂದು ಹೋಗಲು ಒಂದು ದಿನದ ಕೂಲಿ ಹೋಗುತ್ತದೆ. ಜೊತೆಗೆ ಯಾಕೆ ಹೋಗಿದ್ದೆ ಅಂತ ಊರಿಗೆಲ್ಲ ಹೇಳಬೇಕು.

ಆದರೆ ಮನೆಯಲ್ಲಿ ಕೂತು ಮಾತಾಡುವುದು ಸುಲಭವಾ? ನಮ್ಮ ಕಡೆ ಮನೆಯ ಬಾಗಿಲುಗಳು ಹಗಲಲ್ಲಿ ತೆರೆದೇ ಇರುತ್ತವೆ. ಸೊಸೆ ಒಬ್ಬಳೇ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡು ಮುಕ್ಕಾಲು ಗಂಟೆ ಫೋನಿನಲ್ಲಿ ಇದ್ದರೆ ಹತ್ತು ಪ್ರಶ್ನೆ ಬರುತ್ತವೆ.

ಒಬ್ಬರ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಚೊಚ್ಚಲ ಬಾಣಂತಿ, ತವರಿಗೆ ಬಂದಿದ್ದರು. ನಿದ್ದೆ ಇಲ್ಲ, ಸುಮ್ಮಸುಮ್ಮನೆ ಅಳು, ಮಗುವನ್ನು ಎತ್ತಿಕೊಂಡರೆ ಎದೆ ಹಾರುತ್ತದೆ. ಬಾಣಂತಿ ಕೋಣೆಗೆ ಅಮ್ಮ, ಅಜ್ಜಿ, ನೋಡಲು ಬಂದವರು ಹೋಗಿಬಂದು ಮಾಡುತ್ತಲೇ ಇರುತ್ತಾರೆ. ಮಾತಾಡಲು ಬಿಡುವು ಯಾವಾಗ ಅಂತ ಇಬ್ಬರೂ ಕೂಡಿ ಹುಡುಕಿದೆವು. ಬೆಳಿಗ್ಗೆ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವ ಹೊತ್ತು ಸಿಕ್ಕಿತು. ಆಗ ಅಮ್ಮ, ಅಜ್ಜಿ ಇಬ್ಬರೂ ಬಚ್ಚಲಲ್ಲಿ. ಕಿವಿಗೆ ಹೇಗೂ ಸ್ಕಾರ್ಫ್ ಕಟ್ಟಿರುತ್ತಿದ್ದರು. ಅದರೊಳಗೆ ಇಯರ್‌ಫೋನ್.

ಇಯರ್‌ಫೋನ್ ಇದ್ದರೆ ನನ್ನ ಮಾತು ಹೊರಗೆ ಕೇಳುವುದಿಲ್ಲ, ಆದರೆ ಅವರ ಮಾತು ಕೇಳುತ್ತದೆ ಅಲ್ವಾ? ಹಾಗಾಗಿ ಪ್ರಶ್ನೆಯನ್ನೇ ಬೇರೆ ಥರ ಕೇಳಬೇಕು. ಯಾರಾದರೂ ಹತ್ತಿರ ಇದ್ದಾಗ "ಹೂಂ", "ಇಲ್ಲ" ಅಂದರೆ ಸಾಕಾಗುವ ಪ್ರಶ್ನೆ. ಸಂಕಟ ಎಷ್ಟಿದೆ ಅಂತ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕಿ. "ಏಳು" ಅಂದರೆ ಪಕ್ಕದಲ್ಲಿ ಇದ್ದವರಿಗೆ ಏನೂ ಗೊತ್ತಾಗುವುದಿಲ್ಲ, ನನಗೆ ಬೇಕಾದಷ್ಟು ಗೊತ್ತಾಗುತ್ತದೆ. ಒಂದು ಗುಟ್ಟಿನ ಮಾತನ್ನೂ ಮೊದಲೇ ಗೊತ್ತು ಮಾಡಿಕೊಳ್ಳುತ್ತೇವೆ. "ಡೈಪರ್ ತರಿಸಬೇಕು" ಅಂದರೆ ಯಾರೋ ಬಂದರು ಅಂತ. ನಾನು ಆ ಕ್ಷಣವೇ ಮಗುವಿನ ನಿದ್ದೆ, ಲಸಿಕೆ ಕಡೆಗೆ ಮಾತು ತಿರುಗಿಸುತ್ತೇನೆ. ಫೋನ್ ಬೇರೆಯವರು ಎತ್ತಿದರೆ ನಾನು ಯಾರು ಅಂತ ಹೇಳಿಕೊಳ್ಳಲಿ ಅನ್ನುವುದೂ ಅವರದೇ ತೀರ್ಮಾನ. ಒಂದೇ ಫೋನನ್ನು ಮನೆಮಂದಿಯೆಲ್ಲ ಬಳಸುವ ಕಡೆ ಇದನ್ನು ಕೇಳದೆ ನಾನು ಒಂದು ಮೆಸೇಜ್ ಕೂಡ ಹಾಕುವುದಿಲ್ಲ.

ಕೆಲವು ವಾರದ ನಂತರ, ಅವರ ಒಪ್ಪಿಗೆ ಪಡೆದು, ಅಮ್ಮನನ್ನೂ ವೀಡಿಯೊ ಕಾಲ್‌ಗೆ ಸೇರಿಸಿಕೊಂಡೆವು. ಇದು ದೃಷ್ಟಿಯೂ ಅಲ್ಲ, ಸೋಮಾರಿತನವೂ ಅಲ್ಲ, ಬಾಣಂತನದಲ್ಲಿ ಬರುವ ಖಿನ್ನತೆ, ವಾಸಿಯಾಗುತ್ತದೆ ಅಂತ ವಿವರಿಸಿದೆ. ರಾತ್ರಿ ಒಂದು ಪಾಳಿ ಮಗುವನ್ನು ಅಮ್ಮ ನೋಡಿಕೊಳ್ಳಲು ಶುರು ಮಾಡಿದರು. ಬಾಣಂತಿಗೆ ನಾಲ್ಕೈದು ಗಂಟೆ ಒಟ್ಟಿಗೆ ನಿದ್ದೆ ಸಿಕ್ಕಿತು. ಮುಂದಿನ ಮಾತುಕತೆ ಎಷ್ಟು ಹಗುರಾಯಿತು ಅಂದರೆ, ಅದನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ.

ವೀಡಿಯೊ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೊದಲ ಸಲ ಮುಖ ನೋಡುವುದು ಒಳ್ಳೆಯದು. ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರ್ ಕೂಡ ಹೋಗುತ್ತದೆ, ಆಗ ಮಾಮೂಲಿ ಕಾಲ್ ಸಿಕ್ಕರೂ ಪುಣ್ಯ. ಲೈನ್ ಕಟ್ ಆದರೆ ಯಾರು ವಾಪಸ್ ಮಾಡಬೇಕು, ಎಷ್ಟು ಹೊತ್ತು ಕಾಯಬೇಕು ಅಂತ ಮೊದಲೇ ಮಾತಾಗಿರಬೇಕು. ಅಳುವಾಗ ಲೈನ್ ಕಟ್ ಆದರೆ ಅವರಿಗೆ "ಇವರೂ ನನ್ನ ಕೈಬಿಟ್ಟರು" ಅನ್ನಿಸಬಾರದು.

ಪ್ರತಿ ಸೆಷನ್‌ನ ಮೊದಲ ಐದು ನಿಮಿಷ ನಾನು ಯಾವತ್ತೂ ಬಿಡುವುದಿಲ್ಲ. ಈಗ ಎಲ್ಲಿದ್ದೀರಿ? ಮನೆಯಲ್ಲಿ ಯಾರಿದ್ದಾರೆ? ನೀವು ನಂಬುವ ಒಬ್ಬರ ನಂಬರ್ ಯಾವುದು? ಹತ್ತಿರದ ಆಸ್ಪತ್ರೆ ಯಾವುದು? ಕ್ಲಿನಿಕ್‌ನಲ್ಲಿ ಎದುರಿಗೆ ಕೂತವರು ಕುಸಿದರೆ ನಾನು ಎದ್ದು ಹೋಗಿ ಹಿಡಿಯಬಹುದು. ಫೋನಿನಲ್ಲಿ ನನ್ನ ಕೈ ಆ ನಂಬರ್ ಒಂದೇ.

ಇನ್ನು ಪ್ರಶ್ನಾವಳಿಗಳು. ಖಿನ್ನತೆಗೆ ಪಿಎಚ್‌ಕ್ಯೂ-9 ಬಳಸುತ್ತೇನೆ. ಕಳೆದ 2 ವಾರದ ಬಗ್ಗೆ 9 ಪ್ರಶ್ನೆ, ಒಟ್ಟು 27 ಅಂಕ, 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಗಮನ ಕೊಡಲೇಬೇಕು. ಬಾಣಂತಿಯರಿಗೆ ಎಡಿನ್‌ಬರೋ ಮಾಪಕ, ಅದರಲ್ಲಿ 10 ಪ್ರಶ್ನೆ. ಇವನ್ನು ಗೂಗಲ್ ಫಾರ್ಮ್ ಮಾಡಿ ಕಳಿಸುವುದು ಸುಲಭ, ತುಂಬಾ ಜನ ಹಾಗೇ ಮಾಡುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಎರಡರಲ್ಲೂ ಕೊನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ರಾತ್ರಿ 11ಕ್ಕೆ ಒಬ್ಬರು ಅಲ್ಲಿ "ಹೌದು" ಅಂತ ಒತ್ತುತ್ತಾರೆ, ನಾನು ನೋಡುವುದು ಬೆಳಿಗ್ಗೆ 10ಕ್ಕೆ. ಈ ನಡುವಿನ ಹೊತ್ತಿಗೆ ಯಾರು ಜವಾಬ್ದಾರಿ? ನಾನು ಪ್ರತಿ ಪ್ರಶ್ನೆಯನ್ನೂ ಬಾಯಲ್ಲೇ ಕೇಳುತ್ತೇನೆ. "ಹೌದು" ಅಂದರೆ ಮುಂದಿನ ಪ್ರಶ್ನೆ ಆಗಲೇ ಕೇಳಬಹುದು. ಮನೆಯವರಿಗೆ ಹೇಳಿ ತೋಟದ ಔಷಧಿಯನ್ನು ಆವತ್ತೇ ಬೀಗದೊಳಗೆ ಇಡಿಸಬಹುದು, ಜೊತೆಗೆ ಒಬ್ಬರು ಇರುವಂತೆ ಮಾಡಬಹುದು, ಆಸ್ಪತ್ರೆಗೆ ಕರೆದುಕೊಂಡು ಹೋಗಲು ಹೇಳಬಹುದು.

ಎರಡು ಸೆಷನ್‌ಗಳ ನಡುವೆ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜ್. ಉಸಿರಾಟದ ಅಭ್ಯಾಸವನ್ನು ನನ್ನದೇ ದನಿಯಲ್ಲಿ, ನಮ್ಮ ಕಡೆಯ ಮಾತಿನಲ್ಲಿ ರೆಕಾರ್ಡ್ ಮಾಡಿದ್ದೇನೆ. ಓದಲು ಬಾರದವರೂ ಎಷ್ಟು ಸಲ ಬೇಕಾದರೂ ಕೇಳಬಹುದು. ಖಿನ್ನತೆಯಲ್ಲಿ ಏನೂ ಮಾಡಲು ಮನಸ್ಸಾಗದವರಿಗೆ ದಿನಕ್ಕೊಂದು ಸಣ್ಣ ಕೆಲಸ ಗೊತ್ತು ಮಾಡುತ್ತೇವೆ. ಸ್ನಾನ ಮಾಡಿ ಹತ್ತು ನಿಮಿಷ ಅಂಗಳದ ಬಿಸಿಲಲ್ಲಿ ಕೂರುವುದು, ಅಷ್ಟೇ. ಆಯಿತು ಅಂದರೆ ಒಂದು ಹೆಬ್ಬೆರಳಿನ ಗುರುತು ಕಳಿಸುತ್ತಾರೆ. ಬರದಿದ್ದರೆ ನಾನು ಬೈಯುವುದಿಲ್ಲ, ಕೆಲಸವನ್ನು ಇನ್ನೂ ಚಿಕ್ಕದು ಮಾಡುತ್ತೇನೆ.

ಫೋನಿನಲ್ಲಿ ಮಾಡಬಾರದ ಕೆಲಸಗಳೂ ಇವೆ. ದಿನಾ ಕುಡಿಯುವವರು ಇವತ್ತಿಂದ ಬಿಟ್ಟೆ ಅಂದರೆ ಎಲ್ಲರಿಗೂ ಸಂತೋಷ, ನನಗೆ ಭಯ. ಮೊದಲ ಎರಡು ಮೂರು ದಿನದಲ್ಲಿ ಫಿಟ್ಸ್ ಬರಬಹುದು, ಜ್ಞಾನ ತಪ್ಪಿದಂತೆ ಮಾತಾಡಬಹುದು. ಅವರಿಗೆ ಆಸ್ಪತ್ರೆಯೇ ಬೇಕು. ಯಾರೋ ಕೊಲ್ಲಲು ಬರುತ್ತಿದ್ದಾರೆ, ಕಿವಿಯಲ್ಲಿ ದನಿ ಕೇಳಿಸುತ್ತಿದೆ ಅನ್ನುವವರನ್ನೂ ಫೋನಿನಲ್ಲೇ ನಿಭಾಯಿಸಲು ಹೋಗಬಾರದು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ಇದೆ. ನಾನು ಆ ದಿನ ನೋಡಿ ಕಳಿಸುತ್ತೇನೆ. ಫೋನ್ ಎತ್ತದವರ ಮನೆಗೆ ಹೋಗಿ ವಿಚಾರಿಸುವುದು ಎಷ್ಟೋ ಸಲ ಊರಿನ ಆಶಾ ಕಾರ್ಯಕರ್ತೆ. ಅವರಿಲ್ಲದೆ ನನ್ನ ಈ ಕೆಲಸ ನಡೆಯುವುದಿಲ್ಲ.

ರಾತ್ರಿಯ ಹೊತ್ತಿಗೆ ಎಲ್ಲರಿಗೂ 14416 ಬರೆಸುತ್ತೇನೆ. ಇದು ಟೆಲಿ ಮಾನಸ್, ಮನಸ್ಸಿನ ಆರೋಗ್ಯಕ್ಕೆ ಸರ್ಕಾರದ ಸಹಾಯವಾಣಿ, 2022ರ ಅಕ್ಟೋಬರ್ 10ರಿಂದ ಇದೆ. ನಿಮ್ಹಾನ್ಸ್ ಮುಂದಾಳತ್ವ, ತಂತ್ರಜ್ಞಾನಕ್ಕೆ ಬೆಂಗಳೂರಿನ ಐಐಐಟಿ ನೆರವು. ದುಡ್ಡು ಕೊಡಬೇಕಿಲ್ಲ, ದಿನದ 24 ಗಂಟೆಯೂ ಕನ್ನಡದಲ್ಲೇ ಮಾತಾಡಬಹುದು. ಮೊದಲು ಕೌನ್ಸೆಲರ್ ಸಿಗುತ್ತಾರೆ, ಬೇಕಾದರೆ ಮನೋವೈದ್ಯರಿಗೆ ಸೇರಿಸುತ್ತಾರೆ. ನಂಬರ್ ಕೊಟ್ಟು ಸುಮ್ನೆ ಬಿಟ್ಟರೆ ಯಾರೂ ಮಾಡುವುದಿಲ್ಲ. ಅದಕ್ಕೆ ಹಗಲಲ್ಲೇ, ಮನಸ್ಸು ಸ್ವಲ್ಪ ನೆಮ್ಮದಿಯಾಗಿರುವಾಗ, ಒಂದು ಸಲ ಮಾಡಿ ನೋಡಿ ಅನ್ನುತ್ತೇನೆ. ಭಾಷೆ ಹೇಗೆ ಆರಿಸುವುದು, ಆ ಕಡೆಯ ದನಿ ಹೇಗಿರುತ್ತದೆ ಅಂತ ಗೊತ್ತಾದರೆ, ನಿಜವಾಗಿ ಬೇಕಾದ ರಾತ್ರಿ ಬೆರಳು ಹಿಂಜರಿಯುವುದಿಲ್ಲ.