ಊರ ಮನೆಗೆ ವೈಫೈ: ಹೊಸದಾಗಿ ಬಂದವರಿಗೆ

ನ್ಯೂಜೆರ್ಸಿಗೆ ಬರುವ ನಮ್ಮ ಶಿವಮೊಗ್ಗ ಕಡೆಯವರು ಕುಕ್ಕರು, ಸೋನಾ ಮಸೂರಿ ಹೊಂದಿಸಿಕೊಂಡ ವಾರದೊಳಗೆ ನನಗೊಂದು ಫೋನ್ ಮಾಡುತ್ತಾರೆ: ‘ಊರಲ್ಲಿ ಅಪ್ಪ-ಅಮ್ಮ ಇಬ್ಬರೇ. ಮನೆಗೆ ನೆಟ್ ಹಾಕಿಸಬೇಕಿತ್ತು, ಹ್ಯಾಗೆ?’ ಹೇಳಿ ಹೇಳಿ ಸಾಕಾಗಿ ಬರೆದೇ ಇಡುತ್ತಿದ್ದೇನೆ.

ಕಾಗದಪತ್ರ ಹೆಚ್ಚಿಲ್ಲ. ಅಪ್ಪನ ಆಧಾರ್, ಫೋಟೊ, ಒಟಿಪಿ. ಮೊಬೈಲ್ ಸಿಗ್ನಲ್ ಸಿಗದ ಮನೆಯಾದರೆ ಒಟಿಪಿಗೆ ಗುಡ್ಡ ಹತ್ತಬೇಕು, ಅಷ್ಟೆ.

ನನ್ನ ಮೊದಲ ದಡ್ಡತನವೆಂದರೆ ಇಲ್ಲಿಂದ ದುಬಾರಿ ರೌಟರ್, ಅಂದರೆ ಮನೆಯೊಳಗೆ ವೈಫೈ ಹಂಚುವ ಡಬ್ಬಿ, ಹೊತ್ತುಕೊಂಡು ಹೋದದ್ದು. ಅದರ ಅಡಾಪ್ಟರ್ ಮೇಲೆ ಇರುವೆಯಂಥ ಅಕ್ಷರದಲ್ಲಿ 120 ವೋಲ್ಟ್ ಎಂದಿತ್ತು. ನಮ್ಮೂರ ಪ್ಲಗ್ಗಿನಲ್ಲಿ ಬರುವುದು 230. ಪಟ್ ಅಂತು, ಸುಟ್ಟ ವಾಸನೆ ಬಂತು. ‘ಅಮೆರಿಕದ್ದು ಅಂದ್ರೆ ಇದೇಯನಾ?’ ಅಂದರು ಅಪ್ಪಯ್ಯ. 100ರಿಂದ 240 ಎಂದು ಬರೆದಿದ್ದರೆ ಮಾತ್ರ ಒಯ್ಯಿರಿ. ನನ್ನ ಕೇಳಿದರೆ ಅಲ್ಲಿಯ ಕಂಪನಿ ಕೊಡುವ ಡಬ್ಬಿಯೇ ಸಾಕು.

ಎರಡನೆಯದು ಅದನ್ನು ಇಡುವ ಜಾಗ. ಲೈನ್ ಎಳೆಯುವ ಹುಡುಗ ಜಗಲಿಯಲ್ಲಿ ಟಿವಿ ಪಕ್ಕ ಕೂರಿಸಿದ. ನಾನು ಇಲ್ಲಿಂದಲೇ ‘ಸರಿ’ ಅಂದೆ. ಅಲ್ಲಿ ಬೆಳಗ್ಗೆ ಏಳು, ನಮಗೆ ರಾತ್ರಿ ಒಂಬತ್ತೂವರೆ. ಅಪ್ಪಯ್ಯ ಕುರ್ಚಿಯಲ್ಲಿ ಕೂತು ಅಡಿಕೆ ರೇಟು, ಕೊಳೆ ರೋಗ, ಬೋರ್ಡೋ ಹೊಡೆದ ಲೆಕ್ಕ ಒಪ್ಪಿಸುವರು. ಅಮ್ಮ ಸೆರಗಿಗೆ ಕೈ ಒರೆಸುತ್ತ ಬಂದು ‘ಊಟ ಆಯ್ತನಾ?’ ಎಂದು ಕೇಳಿ ಒಳಗೆ ಹೋದರೆ ಮುಗಿಯಿತು. ವಯಸ್ಸಾಯ್ತು, ಮಾತು ಬೇಡವಾಗಿದೆ ಅಂದುಕೊಂಡೆ. ನನ್ನ ಮಗಳ ಪಾಲಿಗೆ ಅಜ್ಜಿ ಅಂದರೆ ಬಾಗಿಲು ದಾಟಿ ಹೋಗುವ ಒಂದು ಸೀರೆ.

ಎರಡು ವರ್ಷ ಕಳೆದು ರಜೆಗೆ ಹೋದಾಗ ಫೋನ್ ಹಿಡಿದು ಮನೆಯೆಲ್ಲ ಸುತ್ತಿದೆ. ನಡುಮನೆಯಲ್ಲಿ ಎರಡು ಕಡ್ಡಿ, ಅಡುಗೆಮನೆಯಲ್ಲಿ ಸೊನ್ನೆ. ಮುತ್ತಜ್ಜ ಕಟ್ಟಿಸಿದ ಜಂಬಿಟ್ಟಿಗೆ ಗೋಡೆ ಒಂದೂವರೆ ಅಡಿ ದಪ್ಪ, ಮಳೆಗಾಲಕ್ಕೆ ನೀರು ಕುಡಿದು ಕೂತಿರುತ್ತದೆ ಬೇರೆ. ವೈಫೈ ಅಲೆಯಲ್ಲಿ 2.4 ಗಿಗಾಹರ್ಟ್ಸ್, 5 ಗಿಗಾಹರ್ಟ್ಸ್ ಎಂದು ಎರಡು ಬಗೆ. ನಮ್ಮ ರೌಟರ್ ಓಡುತ್ತಿದ್ದುದು 5ರಲ್ಲಿ. ಅದಕ್ಕೆ ವೇಗವಿದೆ, ಗೋಡೆ ದಾಟುವ ತ್ರಾಣವಿಲ್ಲ. 2.4 ನಿಧಾನ, ಆದರೆ ದೂರ ಹೋಗುತ್ತದೆ. ಅಮ್ಮನ ಬೆಳಗೆಲ್ಲ ಒಲೆ ಮುಂದೆ. ನನ್ನ ಹತ್ತಿರ ಮಾತಾಡಬೇಕಾದರೆ ಕಾವಲಿಯ ಮೇಲಿನ ದೋಸೆ ಬಿಟ್ಟು ಜಗಲಿಗೆ ಬರಬೇಕಿತ್ತು. ಇಲ್ಲಿ ಆಫೀಸಿನಲ್ಲಿ ನೆಟ್‌ವರ್ಕ್ ಕೆಲಸ ಮಾಡಿ ಸಂಬಳ ಎಣಿಸುವ ನನಗೆ ಇದು ಹೊಳೆಯಲಿಲ್ಲ. ಬಾಯಿಬಿಟ್ಟು ಹೇಳುವ ಜಾಯಮಾನ ಅವಳದೂ ಅಲ್ಲ.

ಆದ್ದರಿಂದ ಆ ಹುಡುಗನಿಗೆ ಒಂದು ಲೋಟ ಕಾಫಿ ಕೊಡಿಸಿ, ಕೇಬಲ್ ನಡುಮನೆಯವರೆಗೆ ಎಳೆಸಿ. ಅದು ಫೈಬರ್ ಕೇಬಲ್, ಒಳಗಿರುವುದು ಗಾಜಿನ ಎಳೆ. ಮೂಲೆಯಲ್ಲಿ ಮಡಚಿದರೆ ಕೆಟ್ಟಿತು. ಡಬ್ಬಿ ಎತ್ತರದಲ್ಲಿರಲಿ, ಕಬ್ಬಿಣದ ಬೀರುವಿನ ಹಿಂದೆ ಬೇಡ. 2.4ಕ್ಕೂ 5ಕ್ಕೂ ಬೇರೆ ಬೇರೆ ಹೆಸರಿಟ್ಟು ಅಮ್ಮನ ಫೋನನ್ನು 2.4ಕ್ಕೇ ಸೇರಿಸಿ. ಪಾಸ್‌ವರ್ಡ್ ಬದಲಿಸಿ, ಕ್ಯಾಲೆಂಡರ್ ಹಿಂದೆ ಬರೆಸಿ.

ಮಳೆಗಾಲದ ಕರೆಂಟಿನ ಕತೆ ನಿಮಗೇನು ಹೇಳುವುದು! ಕರೆಂಟು ಹೋದಾಗ ಬ್ಯಾಟರಿಯಲ್ಲಿ ನಡೆಸಲು ರೌಟರಿಗೆಂದೇ ಸಿಗುವ ಪುಟ್ಟ 12 ವೋಲ್ಟಿನ ಯುಪಿಎಸ್ ಕೊಡಿಸಿ, ಡಬ್ಬಿಯೂ 12 ವೋಲ್ಟಿನದೇ ಎಂದು ಮೊದಲು ನೋಡಿಕೊಂಡು. ಭರಣಿ ಮಳೆಯ ಗುಡುಗು ಶುರುವಾದರೆ ಪ್ಲಗ್ ಕೀಳಲಿ. ಗಾಜಿನ ಎಳೆಯಲ್ಲಿ ಬಾರದ ಸಿಡಿಲು ಕರೆಂಟಿನ ತಂತಿ ಹಿಡಿದು ಬರುತ್ತದೆ. ಡಬ್ಬಿಯ ಮೇಲೆ ಎಲ್‌ಒಎಸ್ ಎಂದು ಬರೆದ ದೀಪ ಕೆಂಪಗೆ ಮಿಣುಕಿದರೆ ಫೈಬರಿನಲ್ಲಿ ನೆಟ್ ಹೊತ್ತು ತರುವ ಬೆಳಕು ಡಬ್ಬಿಯವರೆಗೆ ಬರುತ್ತಿಲ್ಲ ಎಂದರ್ಥ, ನಮ್ಮ ಕಡೆ ಹೆಚ್ಚಾಗಿ ದಾರಿಯಲ್ಲೆಲ್ಲೋ ಮರ ಬಿದ್ದಿರುತ್ತದೆ. ‘ಆಫ್ ಮಾಡಿ ಆನ್ ಮಾಡಿ’ ಎಂದು ಅಪ್ಪನ ಜೀವ ತಿನ್ನಬೇಡಿ. ನಾನು ತಿಂದಿದ್ದೇನೆ.

ಈಗ ಅಮ್ಮ ಫೋನನ್ನು ಉಪ್ಪಿನಕಾಯಿ ಜಾಡಿಗೆ ಒರಗಿಸಿ, ದೋಸೆ ಹೊಯ್ಯುತ್ತ ನಮ್ಮನ್ನು ಮರೆತೇಬಿಡುತ್ತಾಳೆ. ಅರ್ಧ ಗಂಟೆ ನಮಗೆ ಕಾಣುವುದು ಮಸಿ ಹಿಡಿದ ತೊಲೆ, ಕೇಳುವುದು ಚುಂಯ್ ಎನ್ನುವ ಕಾವಲಿ. ಮಗಳು ಅದನ್ನೇ ನೋಡುತ್ತ ಕೂತಿರುತ್ತಾಳೆ, ಮಲಗು ಅಂದರೂ ಏಳುವುದಿಲ್ಲ.