ಮೊದಲ ಗಿಣ್ಣು ಕರುವಿಗೆ: ಕುಡಿಸುವುದು ಹೇಗೆ?

ಚನ್ನರಾಯಪಟ್ಟಣ, ಅರಸೀಕೆರೆ ಕಡೆ ಹಸು ಈದ ಸುದ್ದಿ ಹಬ್ಬಿದರೆ ಸಾಕು, ಅಕ್ಕಪಕ್ಕದ ಮನೆಯವರು ಗಿಣ್ಣಿಗೆ ಕಾಯುತ್ತಾರೆ. ಕೊಡಿ, ಬೇಡ ಅನ್ನುವುದಿಲ್ಲ. ಆದರೆ ಮೊದಲು ಕರೆದದ್ದು ಕರುವಿಗೇ ಹೋಗಬೇಕು. ರೋಗ ತಡೆಯುವ ಪ್ರತಿಕಾಯಗಳು ಹಸುವಿನ ಗರ್ಭದಲ್ಲಿ ಕರುವಿಗೆ ದಾಟುವುದಿಲ್ಲ. ಅವು ಸಿಗುವುದು ಗಿಣ್ಣಿನಲ್ಲೇ.

ಕರುವಿನ ಮೂಗು, ಬಾಯಿ ಒರೆಸಿ. ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ. ಕೆಚ್ಚಲು ತೊಳೆದು, ಒಣಬಟ್ಟೆಯಲ್ಲಿ ಒರೆಸಿ ಕರೆಯಿರಿ. ಇದೆಲ್ಲ ಈದ ಒಂದೆರಡು ಗಂಟೆಯೊಳಗೆ ಆಗಬೇಕು. ‘ಕಸ (ಮಾಸು) ಬೀಳಲಿ, ಆಮೇಲೆ ಕರೆದರಾಯ್ತು’ ಎಂದು ಹಿರಿಯರು ಹೇಳಿದರೂ ಕಾಯಬೇಡಿ. ಪ್ರತಿಕಾಯಗಳನ್ನು ರಕ್ತಕ್ಕೆ ಬಿಟ್ಟುಕೊಳ್ಳುವ ಶಕ್ತಿ ಕರುಳಿಗೆ ಗಂಟೆಗಂಟೆಗೂ ಕಡಿಮೆಯಾಗುತ್ತದೆ. 24 ಗಂಟೆಯ ಹೊತ್ತಿಗೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ.

30 ಕೆ.ಜಿ. ತೂಗುವ ಕರುವಿಗೆ ಮೊದಲ ದಿನ 3 ಲೀಟರಿಗೆ ಕಡಿಮೆ ಆಗಬಾರದು. ತಾನೇ ಚೀಪಿದರೆ ಸರಿ, ಇಲ್ಲದಿದ್ದರೆ ನಿಪ್ಪಲ್ ಬಾಟಲಿ. ಕತ್ತು ಎತ್ತಿ ಬಿದಿರಿನ ಗೊಟ್ಟದಲ್ಲಿ ಸುರಿದರೆ ಶ್ವಾಸಕೋಶಕ್ಕೆ ಇಳಿದೀತು. ಕುದಿಸಲೇಬೇಡಿ. ಒಲೆ ಮೇಲೆ ಗಿಣ್ಣು ಹೆಪ್ಪುಗಟ್ಟುವುದನ್ನು ನೋಡಿದ್ದೀರಿ ಅಲ್ವಾ? ಆ ಕಾವಿಗೆ ಪ್ರತಿಕಾಯಗಳೂ ಕೆಡುತ್ತವೆ.

ಎರಡನೇ ದಿನಕ್ಕೆ ನಿಲ್ಲಿಸುವವರೇ ಜಾಸ್ತಿ. ರಕ್ತಕ್ಕೆ ಸೇರದಿದ್ದರೇನು, ಕರುಳೊಳಗೆ ಪ್ರತಿಕಾಯಗಳಿಗೆ ಕೈತುಂಬ ಕೆಲಸವಿದೆ. ಭೇದಿ ತರುವ ಇ. ಕೋಲೈ, ರೋಟಾವೈರಸ್‌ಗಳಿಗೆ ಅಂಟಿಕೊಂಡು, ಅವು ಕರುಳಿನ ಗೋಡೆ ಹಿಡಿಯದಂತೆ ತಡೆಯುತ್ತವೆ. ಕೆಟ್ಟವು ತಳವೂರದಿದ್ದರೆ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಬೆಳೆಯಲು ಜಾಗ ಸಿಗುತ್ತದೆ. ಹೇಗೂ ಮೊದಲ ದಿನಗಳ ಹಾಲನ್ನು ಡೈರಿಗೆ ಹಾಕುವಂತಿಲ್ಲ. ಮೂರ್ನಾಲ್ಕು ದಿನ ಕರುವಿಗೇ ಕೊಡಿ.

ಸಗಣಿ ಸ್ವಲ್ಪ ನೀರಾದ ಕೂಡಲೇ ಮೆಡಿಕಲ್ ಶಾಪಿನಿಂದ ಆ್ಯಂಟಿಬಯೋಟಿಕ್ ತಂದು ನುಂಗಿಸುವುದು ನನಗೆ ಸರಿ ಕಾಣುವುದಿಲ್ಲ. ವೈರಸ್ ಭೇದಿಗೆ ಅದು ಕೆಲಸ ಮಾಡುವುದಿಲ್ಲ. ಸುಮ್ನೆ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಹಾಲು ನಿಲ್ಲಿಸದೆ, ನಡುನಡುವೆ ಓಆರ್‌ಎಸ್ ಕುಡಿಸಿ. ಕಣ್ಣು ಗುಳಿಬಿದ್ದರೆ, ಕರು ಏಳದಿದ್ದರೆ ತಡಮಾಡದೆ ಪಶುವೈದ್ಯರನ್ನು ಕರೆಸಿ.

ಗಿಣ್ಣು ಮಿಕ್ಕಿದರೆ ಶುದ್ಧ ಬಾಟಲಿಗೆ ತುಂಬಿ, ತಾರೀಖು ಬರೆದು ಫ್ರೀಜರಿನಲ್ಲಿಡಿ. ಒಂದು ವರ್ಷದವರೆಗೆ ಬಳಸಬಹುದು. ಚೊಚ್ಚಲ ಹಸುವಿನ ಗಿಣ್ಣು ನೀರುನೀರಾಗಿದ್ದಾಗ, ತಾಯಿ ಸತ್ತಾಗ ಅದು ಬೇಕಾಗುತ್ತದೆ. ಕರಗಿಸುವಾಗ ಬಾಟಲಿಯನ್ನು ಕೈಗೆ ತಾಳುವಷ್ಟು ಬಿಸಿನೀರಿನಲ್ಲಿ ಇಡಿ. ಒಲೆಯ ಹತ್ತಿರ ಬೇಡ.